ಮೀಸೆಯಿದ್ದ ಸವತಿ

ಸವತಿ ಎಂದರೆ ಸೀರೆ ಉಟ್ಟುಕೊಂಡು, ಹೂ ಮುಡಿದುಕೊಂಡೇ ಬರಬೇಕೆಂದೇನಿಲ್ಲ. ನನ್ನ ಸವತಿಗೆ ಎಪ್ಪತ್ತರ ಹತ್ತಿರ ವಯಸ್ಸು, ಬಿಳಿಯ ಹುರಿಮೀಸೆ, ಎರಡೂ ಮೊಣಕಾಲಿನಲ್ಲಿ ನೋವು. ನನ್ನ ಗಂಡನಿಗೆ ಬಾಕ್ಸಿಂಗ್ ಕಲಿಸಿದ ಗುರುಗಳು ಅವರು. ಪ್ರಾಯದಲ್ಲಿ ಕುಸ್ತಿ ಹಿಡಿದವರಾದ್ದರಿಂದ ಹುಬ್ಬಳ್ಳಿಯಲ್ಲಿ ಎಲ್ಲರೂ ಅವರನ್ನು ವಸ್ತಾದರು ಎಂದೇ ಕರೆಯುತ್ತಿದ್ದರು. ಎದುರಿಗೆ ನಾನೂ ಹಾಗೆಯೇ ಕರೆಯುತ್ತಿದ್ದೆ. ಬೆನ್ನ ಹಿಂದೆ ಏನೆಂದು ಕರೆಯುತ್ತಿದ್ದೆ ಎಂಬುದನ್ನು ಶಾಲೆಯಲ್ಲಿ ಕಲಿಸುವ ಹೆಂಗಸು ಬರೆಯಬಾರದು, ಬಿಡಿ.

ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ನನ್ನ ತವರಿನಲ್ಲಿ ಕೈ ಇರುವುದು ಹಾರ್ಮೋನಿಯಂ ಮೇಲೆ ಓಡಾಡಲಿಕ್ಕೆ, ಇಲ್ಲವೇ ಉತ್ತರಪತ್ರಿಕೆ ತಿದ್ದಲಿಕ್ಕೆ. ಅಂಥ ಮನೆಗೆ, ನಮ್ಮೂರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ದುಡಿಯುತ್ತ ಬಾಕ್ಸಿಂಗ್ ಆಡುವ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದ ಇಂಥ ಆಳು ಹೆಣ್ಣು ಕೇಳಲು ಬಂದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಮಂದಿ ಮಾರಿಗೆ ಗುದ್ದಲಿಕ್ಕೆ ಪಗಾರ ಕೊಡ್ತಾರೇನ್ರಿ?”

“ಗುದ್ದಿಸ್ಕೊಳ್ಳಾಕೂ ಕೊಡ್ತಾರ್ರಿ ಮಾವಾರ” ಎಂದು ನಮ್ಮವರು ನಕ್ಕರು.

ಇನ್ನೂ ಮದುವೆ ಗೊತ್ತಾಗುವ ಮೊದಲೇ ಮಾವಾರ! ನನಗೆ ಆ ಧೈರ್ಯ ಬಹಳ ಹಿಡಿಸಿತು. ಹುಚ್ಚಿ ನಾನು.

ನಮ್ಮ ದೇಶದಲ್ಲಿ ಬಾಕ್ಸಿಂಗ್ ಆಡುವವರು ಬೇಕಾದಷ್ಟಿದ್ದಾರೆ. ಆದರೆ ತೊಂಬತ್ತು ಕಿಲೋ ದಾಟಿದ ಹೆವಿವೇಟ್ ಆಳುಗಳು ಸಿಗುವುದು ಕಡಿಮೆ. ಹಾಗಾಗಿ ವೃತ್ತಿಪರ ಪಂದ್ಯ ಏರ್ಪಡಿಸುವವರು ನಮ್ಮವರನ್ನು ಹುಡುಕಿಕೊಂಡು ಬಂದರು. ಇವರು ಕಾರ್ಖಾನೆ ಬಿಟ್ಟರು. ಮೊದಮೊದಲು ಎಂಥ ವೈಭವ ಅಂತೀರಿ! ಮುಂಬೈಯಲ್ಲಿ ಗೆದ್ದರು, ದಿಲ್ಲಿಯಲ್ಲಿ ಗೆದ್ದರು, ಪುಣೆಯಲ್ಲಿ ಮೊದಲ ಸುತ್ತಿನಲ್ಲೇ ಎದುರಾಳಿಯನ್ನು ಮಲಗಿಸಿದರು. ರೈಲು ಇಳಿದರೆ ಹಾರ, ಗುಲಾಲು, ಕೂಗಾಟ. ಆ ಹಾರವನ್ನು ಕೊರಳಿನಿಂದ ತೆಗೆದು ಎಲ್ಲಿ ಹಾಕುತ್ತಿದ್ದರು ಗೊತ್ತೇ? ವಸ್ತಾದರ ಕೊರಳಿಗೆ. ಪ್ರತಿ ಸಲ. ನಾನು ಇಳಕಲ್ ಸೀರೆ ಉಟ್ಟು ಪಕ್ಕದಲ್ಲೇ ಕಂಬದ ಹಾಗೆ ನಿಂತಿರುತ್ತಿದ್ದೆ. ಹೊಟ್ಟೆ ಉರಿಯಿತೇ ಎಂದು ಕೇಳಬೇಡಿ. ಉರಿಯದೆ ತಣ್ಣಗಿರಲು ಅದೇನು ಕಲ್ಲೇ?

ಪಂದ್ಯಕ್ಕೆ ಮೊದಲು ಕೈಗೆ ಪಟ್ಟಿ ಸುತ್ತುವ ಕ್ರಮವೊಂದಿದೆ. ಗ್ಲೌಸಿನೊಳಗೆ ಮೂಳೆ ಮುರಿಯದಿರಲೆಂದು ಬಟ್ಟೆಯ ಪಟ್ಟಿಯನ್ನು ಮಣಿಕಟ್ಟಿನಿಂದ ಬೆರಳ ಸಂದಿಯವರೆಗೆ ಬಿಗಿಯುತ್ತಾರೆ. ವಸ್ತಾದರು ಅದನ್ನು ಪೂಜೆಯಂತೆ ಮಾಡುತ್ತಿದ್ದರು. ನಮ್ಮವರು ಕುರ್ಚಿ ತಿರುಗಿಸಿ ಕೂತು, ಅದರ ಬೆನ್ನಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚುತ್ತಿದ್ದರು. ಸುತ್ತಿ ಮುಗಿಯಿತೆಂದರೆ ಆ ಕೈ ಮತ್ತೆ ಬೇರೆ ಯಾವ ಕೆಲಸಕ್ಕೂ ಬರುವುದಿಲ್ಲ. ನೀರು ಕುಡಿಸುವವರು ವಸ್ತಾದರು, ಮೂಗು ಒರೆಸುವವರು ವಸ್ತಾದರು, ಚಡ್ಡಿಯ ಲಾಡಿ ಕಟ್ಟುವವರೂ ವಸ್ತಾದರೇ. ಒಮ್ಮೆ ಹಣೆಯ ಬೆವರು ಒರೆಸೋಣವೆಂದು ನಾನು ಕೈ ಚಾಚಿದೆ.

“ಅಕ್ಕಾರ, ಮುಟ್ಟಬ್ಯಾಡ್ರಿ. ಆಂವ ಈಗ ಒಳಗ ಹೋಗ್ಯಾನ” ಎಂದರು ವಸ್ತಾದರು.

ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕಾರ ಎನ್ನುತ್ತಾರೆ, ಮರ್ಯಾದೆಯ ಮಾತೇ. ಆದರೆ ನನ್ನ ಗಂಡ ಒಳಗೆ ಹೋಗಿದ್ದಾನೋ ಹೊರಗಿದ್ದಾನೋ ನನಗೆ ಹೇಳಲು ಈ ಮುದುಕ ಯಾರು? ಅಷ್ಟು ನಂಬಿಕೆಯಿಂದ ನಮ್ಮವರು ನನ್ನ ಎದುರಿಗೆ ಎಂದೂ ಕಣ್ಣು ಮುಚ್ಚಿ ಕೂತವರಲ್ಲ. ಅದನ್ನು ನೋಡಿದ ದಿನ ಮನೆಗೆ ಬಂದು ಪಾತ್ರೆಗಳನ್ನೆಲ್ಲ ಕುಕ್ಕಿ ಕುಕ್ಕಿ ತೊಳೆದೆ.

ಪಂದ್ಯ ಹತ್ತಿರ ಬಂದರೆ ಹೆಂಡತಿಯ ಹತ್ತಿರ ಸುಳಿಯುವಂತಿಲ್ಲ. ಹುಬ್ಬಳ್ಳಿಯ ತಾಲೀಮಿನ ಕೋಣೆಯಲ್ಲೇ ವಾಸ. ಅದು ವಸ್ತಾದರ ಕಟ್ಟಳೆ. ನಾನು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು ಧಾರವಾಡದಿಂದ ಬಸ್ಸು ಹತ್ತಿ ಹೋದರೆ ನಮ್ಮವರ ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ. ನನ್ನ ರೊಟ್ಟಿ ತಿನ್ನುತ್ತಿದ್ದವರು ವಸ್ತಾದರು. “ಕೈಯಾಗ ಭಾಳ ರುಚಿ ಐತ್ರಿ ಅಕ್ಕಾರ” ಎಂದು ಮೀಸೆ ಒರೆಸಿಕೊಳ್ಳುತ್ತಿದ್ದರು. ಹಲ್ಲು ಕಚ್ಚಿಕೊಂಡು ಇನ್ನೊಂದು ರೊಟ್ಟಿ ಬಡಿಸುತ್ತಿದ್ದೆ.

ಆಮೇಲೆ ದುಬೈಯ ಪಂದ್ಯ ಬಂತು. ಎದುರಾಳಿ ನಮ್ಮವರಿಗಿಂತ ಗೇಣುದ್ದ ಎತ್ತರ. ಇವರು ಬಿದ್ದವರು ಬಹಳ ಹೊತ್ತು ಏಳಲಿಲ್ಲ. ನಾನು ಅದನ್ನು ಮೊಬೈಲಿನಲ್ಲಿ ನೋಡುತ್ತ, ದೇವರ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದೆ. ಈ ಸಲ ಊರಿಗೆ ಮರಳಿದಾಗ ಹಾರವೂ ಇಲ್ಲ, ಗುಲಾಲೂ ಇಲ್ಲ. ಮುಂದೆ ಒಂದು ಗೆಲುವು ಬಂದರೆ ಅದರ ಹಿಂದೆಯೇ ಸೋಲು. ದುಡ್ಡು ಕೊಟ್ಟು ಇವರ ಅಂಗಿಯ ಮೇಲೆ ತಮ್ಮ ಹೆಸರು ಹಾಕಿಸುತ್ತಿದ್ದ ಕಂಪನಿಯವರು ಫೋನ್ ಎತ್ತುವುದನ್ನು ಬಿಟ್ಟರು. ಮನೆಯಲ್ಲಿ ಕೇಳಿದ್ದನ್ನೇ ಕೇಳುವುದು ಶುರುವಾಯಿತು. “ಇವತ್ತ ನಿನಗ ಸಾಲಿ ಇಲ್ಲೇನು?” ಎಂದು ಒಂದು ರವಿವಾರ ಬೆಳಿಗ್ಗೆ ಕೇಳಿದರು. ಹೇಳಿದೆ. ತಿಂಡಿ ತಿಂದು ಮತ್ತೆ ಅದನ್ನೇ ಕೇಳಿದರು.

ಸತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನಿನಲ್ಲಿ ಎದ್ದು ಕಾಣುವಂಥದ್ದೇನೂ ಇರಲಿಲ್ಲ. ಆದರೂ ಡಾಕ್ಟರು ನಮ್ಮಿಬ್ಬರನ್ನೂ ಕೂಡಿಸಿಕೊಂಡು, “ಇನ್ನ ಸಾಕು ಮಾಡ್ರಿ. ಮತ್ತೊಮ್ಮೆ ತಲಿಗೆ ಹಂಥಾ ಪೆಟ್ಟು ಬಿತ್ತಂದ್ರ ಇವ್ರು ನಿಮ್ಮ ಗುರ್ತು ಹಿಡೀತಾರ ಅನ್ನೋ ಗ್ಯಾರಂಟಿ ನಾ ಕೊಡಂಗಿಲ್ಲ” ಎಂದು ನನ್ನ ಕಡೆ ನೋಡಿದರು.

ಅಂದಿನಿಂದ ನಾನು ಬೇಡಿಕೊಳ್ಳದ ದಿನವಿಲ್ಲ. ಅತ್ತೆ, ಬೈದೆ, ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವರ ಗಮನಕ್ಕೇ ಬರಲಿಲ್ಲವಾದ್ದರಿಂದ ನಾನೇ ಮತ್ತೆ ಮಾತಾಡಿದೆ.

“ಬಿಟ್ಟುಬಿಡ್ರಿ. ನನ್ನ ಪಗಾರದಾಗ ಇಬ್ಬರದೂ ನಡೀತದ.”

“ವಸ್ತಾದರನ್ನ ಕೇಳ್ತೇನಿ, ತಡಿ.”

ತಲೆ ಇವರದು, ತಾಳಿ ನನ್ನದು, ಕೇಳಬೇಕಾದ್ದು ವಸ್ತಾದರನ್ನು! ಆಗಲಿ ಎಂದು ನಾನೇ ಒಂದು ಮಧ್ಯಾಹ್ನ ರಜೆ ಹಾಕಿ ಹುಬ್ಬಳ್ಳಿಗೆ ಹೋದೆ. ವಸ್ತಾದರು ಹರಿದ ಗ್ಲೌಸಿಗೆ ಹೊಲಿಗೆ ಹಾಕುತ್ತ ಕೂತಿದ್ದರು. ಡಾಕ್ಟರು ಹೇಳಿದ್ದನ್ನು ಬಿಡದೆ ಹೇಳಿದೆ. ಅವರು ಸೂಜಿ ಕೆಳಗಿಟ್ಟರು.

“ನಾ ಬಿಡು ಅಂದ್ರ ಈಗಿಂದೀಗ ಬಿಡ್ತಾನ ಅಕ್ಕಾರ” ಎಂದರು.

“ಹಂಗಾರ ಅನ್ರಲ್ಲ!”

“ಇಲ್ಲೇ ಹುಬ್ಬಳ್ಯಾಗ ಒಂದು ಫೈಟ್ ಗೊತ್ತಾಗೇತಿ. ಸೋತು ಮನ್ಯಾಗ ಕುಂತಂವ ದಿನಾ ಸಾಯ್ತಾನ್ರಿ. ತನ್ನ ಊರ ಮಂದಿ ಮುಂದ ಒಂದು ಸಲ ಆಡ್ಲಿ. ಕೆಟ್ಟದ್ದು ಆಗಾಕ ನಾ ಬಿಡಂಗಿಲ್ಲ.”

ಅವರ ದನಿಯಲ್ಲಿ ಜಂಬವಿರಲಿಲ್ಲ. ಇದ್ದಿದ್ದರೆ ಜಗಳ ತೆಗೆಯುತ್ತಿದ್ದೆ. ಬಿಡು ಅಂದರೆ ಬಿಡುತ್ತಾನೆ ಎಂಬುದನ್ನು ಅವರು ನಾಳೆ ಸೋಮವಾರ ಎನ್ನುವಷ್ಟು ಸಲೀಸಾಗಿ ಹೇಳಿದ್ದರು. ದಿನಾ ಬೇಡಿದರೂ ನನಗೆ ಸಿಗದ ವಸ್ತು ಆ ಮನುಷ್ಯನ ಬಾಯಲ್ಲಿ ಎಲೆ-ಅಡಿಕೆಯ ಜೊತೆ ಬಿದ್ದಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಪಂದ್ಯದ ಸಂಜೆ ಹುಬ್ಬಳ್ಳಿಯ ಸಭಾಂಗಣ ತುಂಬಿಹೋಗಿತ್ತು. ನನಗೆ ರಿಂಗಿನಲ್ಲಿ ನಮ್ಮವರ ಮೂಲೆಯ ಹಿಂದೆಯೇ ಮೊದಲ ಸಾಲಿನಲ್ಲಿ ಕುರ್ಚಿ. ಎದುರಾಳಿ ಹರಿಯಾಣದವನು, ಸಣ್ಣ ವಯಸ್ಸು, ಎತ್ತಿನಂಥ ಕತ್ತು. ಮೊದಲ ಎರಡು ಸುತ್ತು ನಮ್ಮವರು ಚೆನ್ನಾಗಿಯೇ ಆಡಿದರು. ಜನ ಎದ್ದು ನಿಂತು ಕೂಗಿದರು, ನಾನೂ ಕೂಗಿದೆ, ಸುಳ್ಳೇಕೆ? ಮೂರನೆಯದರಲ್ಲಿ ಕಿವಿಯ ಮೇಲೆ ಒಂದು ಬಿತ್ತು. ಸುತ್ತು ಮುಗಿದ ಗಂಟೆ ಹೊಡೆಯಿತು. ನಮ್ಮವರು ತಮ್ಮ ಮೂಲೆಗೆ ಬರುವುದನ್ನು ಬಿಟ್ಟು, ನಿಧಾನವಾಗಿ ನಡೆದುಹೋಗಿ ಎದುರಾಳಿಯ ಮೂಲೆಯಲ್ಲಿ ಕೂತರು.

ಕೆಲವರು ನಕ್ಕರು. ನಾನು ಕುರ್ಚಿ ಬಿಟ್ಟು ಎದ್ದೆ. ರೆಫರಿ ಇವರ ಕಣ್ಣಲ್ಲಿ ಕಣ್ಣಿಟ್ಟು ಏನೋ ಕೇಳಿದ, ಇವರು ತಲೆಯಾಡಿಸಿದರು, ಮತ್ತೆ ಆಟ ಶುರು.

ಬಾಕ್ಸಿಂಗಿನಲ್ಲಿ ಒಂದು ಪದ್ಧತಿಯಿದೆ. ತನ್ನ ಆಳಿಗೆ ಇನ್ನು ಆಗುವುದಿಲ್ಲ ಎನಿಸಿದರೆ ಮೂಲೆಯಲ್ಲಿರುವವರು ರಿಂಗಿನೊಳಗೆ ಟವೆಲ್ ಎಸೆಯುತ್ತಾರೆ. ಸೋಲು ಒಪ್ಪಿದೆವು, ನಿಲ್ಲಿಸಿ ಎಂದು ಅರ್ಥ. ವಸ್ತಾದರು ಎಸೆಯಲಿಲ್ಲ. ಹಗ್ಗ ಹಿಡಿದು “ಕೈ ಎತ್ತು! ಕೈ ಎತ್ತಲೇ!” ಎಂದು ಕೂಗುತ್ತಲೇ ಇದ್ದರು. ನಮ್ಮವರ ಕೈ ಏಳಲಿಲ್ಲ. ನನ್ನ ಚೀಲದಲ್ಲಿ ಮನೆಯಿಂದ ತಂದ ಸ್ನಾನದ ಟವೆಲ್ ಇತ್ತು. ಅದನ್ನು ಮುದ್ದೆ ಮಾಡಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ರಿಂಗಿನೊಳಗೆ ಎಸೆದೆ.

ಅದು ರೆಫರಿಯ ಕಾಲ ಬಳಿ ಬಿತ್ತು. ಅವನು ನೋಡಿದ, ನಾನು ಮೂಲೆಯವಳಲ್ಲ ಎಂದು ತಿಳಿಯಿತು, ಟವೆಲನ್ನು ಕಾಲಿನಿಂದ ಹೊರಗೆ ತಳ್ಳಿದ. ಆಟ ನಡೆಯಿತು.

“ಅಕ್ಕಾರ, ಏನಿದು? ಕುಂದರ್ರಿ ಸುಮ್ಮ!” ಎಂದು ವಸ್ತಾದರು ತಿರುಗಿ ಗದರಿದರು.

“ಅವರ ಕಣ್ಣು ನೋಡ್ರಿ! ನಿಮಗ ಕಾಣ್ಸೂದಿಲ್ಲೇನು?” ಎಂದು ಕಿರುಚಿದೆ.

ಅವರು ರಿಂಗಿನ ಕಡೆ ತಿರುಗಿದರು. ಅಷ್ಟರಲ್ಲಿ ಇನ್ನೊಂದು ಗುದ್ದು, ಅದರ ಹಿಂದೆ ಮತ್ತೊಂದು. ನಮ್ಮವರು ಹಗ್ಗಕ್ಕೆ ಒರಗಿದರು. ವಸ್ತಾದರು ಮೊಣಕಾಲು ಹಿಡಿದು ಬಗ್ಗಿ, ಕೆಳಗೆ ಬಿದ್ದಿದ್ದ ನನ್ನ ಟವೆಲನ್ನೇ ಎತ್ತಿ ಒಳಗೆ ಎಸೆದರು. ರೆಫರಿ ಎರಡೂ ಕೈ ಎತ್ತಿ ಅಡ್ಡ ನಿಂತ. ಆಟ ಮುಗಿಯಿತು.

ಅದೇ ಟವೆಲ್. ನಾನು ಎಸೆದರೆ ಕಸ, ಅವರು ಎಸೆದರೆ ಕಾನೂನು.

ನಮ್ಮವರು ಬಿದ್ದಿರಲಿಲ್ಲ, ನಿಂತೇ ಇದ್ದರು. ಟವೆಲ್ ನೋಡಿದರು, ಆಮೇಲೆ ವಸ್ತಾದರನ್ನು ನೋಡಿದರು. “ಸಾಕೇನ್ರಿ?” ಎಂದು ಸಾಲಿ ಹುಡುಗನ ಹಾಗೆ ಕೇಳಿದರು.

“ಸಾಕಪ್ಪಾ. ಪೂರಾ ಸಾಕು.”

ಅಷ್ಟೇ ನೋಡಿ. ಆ ದೊಡ್ಡ ದೇಹ ಮುದುಕನ ಹೆಗಲ ಮೇಲೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಿತು. ನಮ್ಮ ಮದುವೆಯಾದ ಮೇಲೆ ನಮ್ಮವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ನಾನು ಹಗ್ಗದ ಈಚೆ ನಿಂತಿದ್ದೆ. ದೇವರೇ ಉಳಿಸಿದೆ ಎಂದು ಕೈ ಮುಗಿದದ್ದೂ ಖರೇ, ಆ ಹೆಗಲು ನನ್ನದಾಗಿರಬೇಕಿತ್ತು ಎಂದು ಕರುಳು ಸುಟ್ಟುಹೋದದ್ದೂ ಖರೇ. ಒಂದು ಇನ್ನೊಂದನ್ನು ಕಡಿಮೆ ಮಾಡಲಿಲ್ಲ.

ನಮ್ಮವರು ಮತ್ತೆ ರಿಂಗ್ ಹತ್ತಲಿಲ್ಲ. ಈಗ ಒಂದು ಕಾಲೇಜಿನಲ್ಲಿ ಹುಡುಗರಿಗೆ ಕಸರತ್ತು ಹೇಳಿಕೊಡುತ್ತಾರೆ. ಮರೆವು ಹೆಚ್ಚಾಗಿಲ್ಲ. ಸೋತ ಪಂದ್ಯವೆಂದು ಅದರ ವಿಡಿಯೊ ಮಾತ್ರ ಇವತ್ತಿಗೂ ನೋಡಿಲ್ಲ. ಮನೆಗೆ ಯಾರೇ ಬರಲಿ, ಆ ದಿನದ ಮಾತು ತೆಗೆದು, “ನನ್ನ ತಲಿ ಉಳಿಸಿದವ್ರು ವಸ್ತಾದರು” ಎನ್ನುತ್ತಾರೆ. ಬಂದವರು ಹೌದೌದು ಎನ್ನುತ್ತಾರೆ. ನಾನು ಚಹಾ ಕೊಡುತ್ತೇನೆ.

ಹೋದ ತಿಂಗಳು ವಸ್ತಾದರೇ ಬಂದಿದ್ದರು. ನಮ್ಮವರು ಕಾಲಿಗೆ ಬಿದ್ದು, ಅಂದು ಮನೆಗೆ ಬಂದಿದ್ದ ನನ್ನ ಅಪ್ಪನ ಎದುರಿಗೆ ಅದೇ ಕತೆ ಶುರು ಮಾಡಿದರು. ವಸ್ತಾದರು ಕೈ ಅಡ್ಡ ಹಿಡಿದರು.

“ಸುಮ್ನಿರಲೇ. ಮೊದಲ ರಿಂಗಿನೊಳಗ ಟವೆಲ್ ಒಗದಾಕಿ ನಿನ್ನ ಹೇಂತಿ. ನನಗ ಕಾಣ್ಸಿರಲಿಲ್ಲ, ಆಕಿಗೆ ಕಂಡಿತ್ತು.”

ನನ್ನ ಕೈಯಲ್ಲಿ ಚಹಾದ ತಟ್ಟೆಯಿತ್ತು. ಅಲ್ಲಿಯೇ ನಿಂತೆ. ಎಷ್ಟು ದಿನದಿಂದ ಕಾದಿದ್ದ ಮಾತು! ಅದೂ ಅವರ ಬಾಯಿಂದಲೇ ಬರಬೇಕೇ? ಬರಲಿ, ಈಗಲಾದರೂ ನನ್ನ ಗಂಡ ನನ್ನ ಮುಖ ನೋಡುತ್ತಾರಲ್ಲ ಎಂದುಕೊಂಡೆ.

ನೋಡಿದರು. ನಿಜವಾಗಿಯೂ ತಿಳಿಯದವರ ಹಾಗೆ ನೋಡಿದರು.

“ನೀ ಯಾಕ ಒಗದಿ?” ಎಂದರು. “ವಸ್ತಾದರು ಅಲ್ಲೇ ಇದ್ದರಲ್ಲ.”