ಕಣ್ಣಪಟ್ಟಿ ಬಿಚ್ಚುವ ಮುನ್ನ ತಣ್ಣೀರ ದಾಡಿ

ಆಡಿದ ಮಾತಿಗೆ ತಪ್ಪದವನು, ಪರರ ಬೆಳೆಗೆ ತನ್ನ ಕುರಿಯ ಹಲ್ಲು ತಾಗಗೊಡದವನು, ಮಳೆಗೆ ಮುನಿಯದವನು, ಬಿಸಿಲನ್ನು ಬೈಯದವನು, ಈದ ಕುರಿಗೆ ಬಾಣಂತಿಯ ಆರೈಕೆ ಮಾಡುವವನು, ಬೀರದೇವರನ್ನು ನೆನೆಯದೆ ತುತ್ತೆತ್ತದವನು, ತನ್ನ ತುತ್ತಿಗೆ ಮೊದಲು ನಾಯಿಯ ಪಾಲನ್ನು ತೆಗೆದಿಡುವವನು, ನಲವತ್ತೊಂದು ವರ್ಷದ ದಾಂಪತ್ಯದಲ್ಲಿ ಹೆಂಡತಿಯ ಮೇಲೆ ಕೈಯನ್ನೆತ್ತದೆ ಆಗೀಗ ಧ್ವನಿಯನ್ನಷ್ಟೇ ಎತ್ತಿ, ಎತ್ತಿದ್ದಕ್ಕೆ ಅಂದೇ ನಾಚಿದವನು; ಇಂತಹ ಸಜ್ಜನನೊಬ್ಬನನ್ನು ಬೇಡಕಿಹಾಳದ ಜನ ಕಾಮಣ್ಣನೆಂದು ಕರೆಯುತ್ತಾರೆ.

ತಂದೆಯ ಕಾಲದಲ್ಲಿ ಇನ್ನೂರು ಕುರಿಗಳ ಹಿಂಡು ಆ ಮನೆಯದು. ಈಗ ಉಳಿದಿರುವುದು ಹದಿನೆಂಟು ಕುರಿ, ಒಂದೂವರೆ ಎಕರೆ ಕಬ್ಬು. ಮಗ ನಾಮದೇವ ಕಬ್ಬು ನೋಡಿಕೊಂಡರೆ ಕಾಮಣ್ಣ ಕುರಿಗಳನ್ನು ನೋಡಿಕೊಳ್ಳುತ್ತಾನೆ. ಯಾವ ಕಷ್ಟಕ್ಕೂ ಹಿಂಜರಿಯದ ಈ ಮನುಷ್ಯನಲ್ಲಿ ಒಂದೇ ಒಂದು ಸುಕುಮಾರತೆಯಿತ್ತು: ಬಿಸಿನೀರಿಲ್ಲದೆ ದಾಡಿ ಮಾಡಿಕೊಂಡವನಲ್ಲ. ಮದುವೆಯಾದ ಮೊದಲ ಸೋಮವಾರದಿಂದ ಆ ನೀರನ್ನು ಕಾಸಿ ಕೊಡುವ ಕೆಲಸ ಹೆಂಡತಿ ಸಾವಿತ್ರೆವ್ವನದು. ಎರಡು ವರ್ಷದ ಹಿಂದೆ ಕಣ್ಣಿಗೆ ಪೊರೆ ಬೆಳೆದು ಲೋಕವೆಲ್ಲ ಮಬ್ಬಾದ ಮೇಲೂ ಆಕೆ ಆ ಕೆಲಸವನ್ನು ಸೊಸೆ ಮನಿಷಾಳಿಗೆ ಬಿಟ್ಟುಕೊಡಲಿಲ್ಲ; ಕೈಯ ಅಂದಾಜಿನಿಂದಲೇ ಒಲೆ ಹೊತ್ತಿಸಿ ನೀರು ಕಾಸಿದಳು.

ಕಳೆದ ಆಷಾಢದ ಜಡಿಮಳೆಯಲ್ಲಿ ನಿಪ್ಪಾಣಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಆಕೆಯ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಮರುದಿನ ಬೆಳಗ್ಗೆ ಎಂಟಕ್ಕೆ ಪಟ್ಟಿ ಬಿಚ್ಚುವುದೆಂದು ಡಾಕ್ಟರು ಹೇಳಿ ಹೋದರು. ಆ ಸಂಜೆ ಸಾವಿತ್ರೆವ್ವ ಗಂಡನ ತೋಳನ್ನು ತಡವಿ ಹಿಡಿದು ಹೇಳಿದಳು:

"ನಾಳಿ ಪಟ್ಟಿ ಬಿಚ್ಚಿದ ಕೂಡ್ಲೆ ಮೊದ್ಲ ನಿಮ್ಮ ಮಾರಿ ನೋಡ್ತೀನಿ. ಎರಡ ವರ್ಷ ಆತು ನೋಡ್ಲಾರದ. ಎದುರಿಗೆ ಕುಂಡರ್ರಿ, ಮತ್ತ ಎಲ್ಲೆರ ಹೋಗೀರಿ."

ಕಾಮಣ್ಣ ಹೂಂಗುಟ್ಟಿ ತನ್ನ ಕೆನ್ನೆಯನ್ನು ಮುಟ್ಟಿಕೊಂಡ. ಆಸ್ಪತ್ರೆಯ ಓಡಾಟದಲ್ಲಿ ಹತ್ತು ದಿನದ ಗಡ್ಡ ಜಾಲಿಮುಳ್ಳಿನಂತೆ ಬೆಳೆದು ನಿಂತಿತ್ತು. ಎರಡು ವರ್ಷ ಕಾದ ಕಣ್ಣಿಗೆ ಈ ಮುಖವನ್ನು ತೋರಿಸುವುದೆಂತು?

ಬೆಳಗ್ಗೆ ಏಳಕ್ಕೆ ಅವನು ಹೊಸ ಬ್ಲೇಡು ಹಾಕಿದ ರೇಜರನ್ನೂ ಸಾಬೂನು, ಕುಂಚಗಳನ್ನೂ ಹಿಡಿದು ಬಚ್ಚಲಿಗೆ ಹೋದ. ಮಾಳಿಗೆಯ ಮೇಲೆ ನೀರು ಕಾಸುವ ಸೋಲಾರು ಇತ್ತಾದರೂ ಮೂರು ದಿನದಿಂದ ಸೂರ್ಯನ ದರ್ಶನವಿರಲಿಲ್ಲ. ನಲ್ಲಿಯ ನೀರು ಬೆರಳನ್ನು ಕಚ್ಚುವಷ್ಟು ತಣ್ಣಗಿತ್ತು. ಕ್ಯಾಂಟೀನು ತೆರೆಯುವುದು ಒಂಬತ್ತಕ್ಕೆ. ಹೊರಗೆ ಹೋಗಿ ನೋಡಿದರೆ ಮಳೆಗೆ ಹೆದರಿ ಚಹದ ಗಾಡಿಯವನೂ ಬಂದಿರಲಿಲ್ಲ. ಬೇರೆ ದಾರಿಗಾಣದೆ ಕಾಮಣ್ಣ ತಣ್ಣೀರಿನಲ್ಲೇ ಮುಖ ತೋಯಿಸಿ, ಸಾಬೂನು ಸವರಿ, ರೂಢಿಯಂತೆ ಗಂಟಲಿನಿಂದ ಮೇಲಕ್ಕೆ ಒಂದು ಎಳೆತ ಎಳೆದ. ಬ್ಲೇಡು ನಡುವೆ ಸಿಕ್ಕಿಕೊಂಡಿತು. ಗದ್ದದ ಮೇಲೆ ರಕ್ತ ಜಿನುಗಿತು.

ಪಕ್ಕದ ನಲ್ಲಿಯಲ್ಲಿ ಹಲ್ಲುಜ್ಜುತ್ತಿದ್ದವನು ಶಿರಗುಪ್ಪಿಯ ಕಬ್ಬಿನ ಸಾವಕಾರ ಧರೆಪ್ಪ. ಅವನ ತಾಯಿ ಕೆಂಚವ್ವನಿಗೂ ಹಿಂದಿನ ದಿನವೇ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ, ಆಕೆ ಸಾವಿತ್ರೆವ್ವನ ಪಕ್ಕದ ಮಂಚದಲ್ಲಿ ಮಲಗಿದ್ದಳು; ಹಿಂದಿನ ಸಂಜೆ ಸಾವಿತ್ರೆವ್ವ ಗಂಡನಿಗೆ ಹೇಳಿದ ಮಾತು ಅವನ ಕಿವಿಗೂ ಬಿದ್ದಿತ್ತು.

"ಏನ್ ಕಾಮಣ್ಣಾ, ದಾಡಿ ಮಾಡ್ಕೊಳ್ಳಾಕತ್ತೀಯೋ, ಕುರಿ ಕತ್ತರಸಾಕತ್ತೀಯೋ?"

"ಕುರಿ ಆಗಿದ್ರ ಇಷ್ಟೊತ್ತಿಗೆ ಎರಡ ಮುಗಸ್ತಿದ್ನಿ ಸಾವಕಾರ್ರ. ಅದಕ್ಕ ನನ್ನಷ್ಟ ಗಡಿಬಿಡಿ ಇರೂದಿಲ್ಲ."

ನಗುತ್ತ ಆಡಿದ ಮಾತು ಅವನನ್ನೇ ತಡೆದು ನಿಲ್ಲಿಸಿತು. ಉಣ್ಣೆ ಕತ್ತರಿಸುವ ಮುನ್ನ ಕುರಿಯನ್ನು ಹಳ್ಳದ ನೀರಿನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಿದ್ದ! ನೀರು ಬುಡದ ತನಕ ಇಳಿಯಬೇಕು, ಅವಸರ ಕೂಡದೆಂದು ತಂದೆ ಕಲಿಸಿದ್ದ. ಎಡಗೈಯಿಂದ ತೊಗಲನ್ನು ಬಿಗಿಹಿಡಿದು, ಕೂದಲು ಮಲಗಿದ ಕಡೆಗೇ ಕತ್ತರಿಯನ್ನು ನಡೆಸಬೇಕು, ಎದುರು ಹೋಗಬಾರದೆಂದೂ ಕಲಿಸಿದ್ದ. ಬಿಸಿನೀರು ತನ್ನ ಗಡ್ಡವನ್ನು ಮೆತ್ತಗೆ ಮಾಡಿ, ತನ್ನ ಅವಸರವನ್ನೂ ಇಷ್ಟು ವರ್ಷ ಸಹಿಸಿತ್ತು. ಕುರಿಗೆ ಯಾರೂ ಎಂದೂ ನೀರು ಕಾಸಿರಲಿಲ್ಲ.

ಕಾಮಣ್ಣ ಮುಖದ ಸಾಬೂನನ್ನು ತೊಳೆದ. ವಸ್ತ್ರವನ್ನು ತಣ್ಣೀರಿನಲ್ಲಿ ಅದ್ದಿ ಮುಖಕ್ಕೆ ಒತ್ತಿಕೊಂಡು ನೂರೆಂಟು ಸಲ ಬೀರದೇವರ ನಾಮವನ್ನೆಣಿಸಿದ. ಮತ್ತೆ ಸಾಬೂನು ಹಚ್ಚಿ, ಗಡಿಗೆಯಲ್ಲಿ ಮಜ್ಜಿಗೆ ಕಡೆದಂತೆ ಬಹಳ ಹೊತ್ತು ಕುಂಚ ತಿರುವಿದ. ಬಳಿಕ ಕೆನ್ನೆಯನ್ನು ಬಿಗಿಹಿಡಿದು, ಕಿವಿಯಿಂದ ಕೆಳಕ್ಕೆ, ಗೇಣಿನ ಕಾಲುಭಾಗದಷ್ಟೇ ಎಳೆದು, ಬ್ಲೇಡು ತೊಳೆದು, ಮತ್ತೆ ಎಳೆದ. ಗಡ್ಡ ಸದ್ದಿಲ್ಲದೆ ಬಂತು.

ಒಂದು ಕೆನ್ನೆ ಮುಗಿದಿತ್ತು. ಅಷ್ಟರಲ್ಲಿ ವಾರ್ಡಿನಿಂದ ನರ್ಸಿನ ಕೂಗು ಕೇಳಿತು:

"ಸಾವಿತ್ರೆವ್ವನ ಕಡೇವ್ರು ಯಾರದಾರ್ರಿ? ಡಾಕ್ಟರ್ ಬಂದಾರ."

ಕಾಮಣ್ಣನ ಕೈ ನಿಂತಿತು. ಅವಸರಿಸಿದರೆ ಗದ್ದದಂತೆ ಇನ್ನೊಂದು ಕೆನ್ನೆಯೂ ಹರಿಯುತ್ತದೆ; ತಡಮಾಡಿದರೆ ಆಕೆಯ ಕಣ್ಣು ಖಾಲಿ ಕುರ್ಚಿಯ ಮೇಲೆ ತೆರೆಯುತ್ತದೆ. ಕನ್ನಡಿಯಲ್ಲಿ ಆ ಅರೆಬೋಳಿಸಿದ ಮುಖವನ್ನು ಕಂಡ ಧರೆಪ್ಪ ಬಾಯಿ ಮುಕ್ಕಳಿಸಿ ಹೊರನಡೆದ.

"ಸಿಸ್ಟರ್, ಮೊದ್ಲ ನಮ್ಮವ್ವಂದ ಬಿಚ್ಚರಿ. ಚಾ ಚಾ ಅಂತ ನಸಿಕಿನಿಂದ ನನ್ನ ಜೀವಾ ತಿನ್ನಾಕತ್ತಾಳ."

"ಯಾರ ಜೀವಾ ಯಾರ ತಿಂದ್ರೋ ಬಾಡ್ಯಾ?" ಎಂದು ಮಂಚದಿಂದ ಕೆಂಚವ್ವ ಕೇಳಿದಳು. "ಪಟ್ಟಿ ಬಿಚ್ಚಲಿ ತಡಿ, ಮೊದ್ಲ ನಿನ್ನ ಹೊಟ್ಟಿ ಎಷ್ಟ ಮುಂದ ಬಂದೈತಿ ನೋಡ್ತೀನಿ."

ವಾರ್ಡು ನಕ್ಕಿತು. ಡಾಕ್ಟರು ಕೆಂಚವ್ವನ ಕಡೆಗೆ ತಿರುಗಿದರು. ಕಾಮಣ್ಣ ಇನ್ನೊಂದು ಕೆನ್ನೆಯನ್ನೂ ಅದೇ ನಿಧಾನದಿಂದ ಮುಗಿಸಿ, ಮುಖ ತೊಳೆದು ಬಂದು ಹೆಂಡತಿಯ ಎದುರು ಕುಳಿತ. ಡಾಕ್ಟರು ಪಟ್ಟಿ ಬಿಚ್ಚಿದರು. ಸಾವಿತ್ರೆವ್ವ ರೆಪ್ಪೆ ಬಡಿದಳು, ನೀರು ತುಂಬಿದ ಕಣ್ಣನ್ನು ಮತ್ತೆ ತೆರೆದಳು, ಬಹಳ ಹೊತ್ತು ನೋಡಿದಳು.

"ಮೀಸಿ ಪೂರಾ ಬೆಳ್ಳಗ ಆಗ್ಯಾವಲ್ರಿ."

"ನಿನಗ ಹೇಳ್ದ ಕೇಳ್ದ ಆಗ್ಯಾವ."

"ಇರ್ಲಿ, ಚಂದ ಕಾಣ್ತೀರಿ. ಗದ್ದಕ್ಕ ಏನಾತು?"

"ಬಿಸಿನೀರ ಸಿಗಲಿಲ್ಲ. ತಣ್ಣೀರಾಗ ಮಾಡ್ಕೊಂಡ್ನಿ."

"ತಣ್ಣೀರಾಗ? ನೀವು?" ಎಂದು ಆಕೆ ನಗತೊಡಗಿದಾಗ ಡಾಕ್ಟರು ತಲೆ ಅಲುಗಿಸಬಾರದೆಂದು ಎಚ್ಚರಿಸಿದರು, ಒಂದು ತಿಂಗಳು ಒಲೆಯ ಹೊಗೆಯ ಮುಂದೆಯೂ ಕೂಡಬಾರದೆಂದರು.

"ಹಂಗಾದ್ರ ಇವರ ದಾಡಿ ನೀರ ಯಾರ ಕಾಸಬೇಕ್ರಿ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಕಾಮಣ್ಣನೇ ಉತ್ತರಿಸಿದ:

"ಯಾರೂ ಕಾಸೂದ ಬ್ಯಾಡ. ನಾ ಅಂಗಳದಾಗ ಕುಂತ ಮಾಡ್ಕೊಂತೀನಿ. ನೀ ಎದರಿಗೆ ಕುಂತ ನೋಡ."

ಹಾಗೆ ನೋಡುವ ಕಣ್ಣು ಆ ಮನೆಯಲ್ಲಿ ಬಹುಕಾಲ ತಿಳಿಯಾಗಿರಲಿ. ನೋಡಿಸಿಕೊಳ್ಳುವ ಮುಖ ಪ್ರಸನ್ನವಾಗಿರಲಿ. ನಾಮದೇವನ ಕಬ್ಬಿನಲ್ಲಿ ರಸವೂ ಮನಿಷಾಳ ಮಡಿಲಲ್ಲಿ ನಗುವೂ ತುಂಬಿರಲಿ; ಹಟ್ಟಿಯ ಹದಿನೆಂಟು ನೂರೆಂಟಾಗಲಿ. ಬೀರದೇವರು ಕಾಮಣ್ಣನನ್ನೂ ಸಾವಿತ್ರೆವ್ವನನ್ನೂ ಜೊತೆಗೂಡಿಸಿಯೇ ಕಾಯಲಿ.