ಚೌಕಾಸಿಗೆ ಬಗ್ಗದ ಹಲ್ಲಿನ ಗುಳಿ

ನನಗೊಂದು ಚಾಳಿಯಿದೆ: ಯಾರು ಎಷ್ಟು ಹೇಳಿದರೂ ಅರ್ಧಕ್ಕೆ ಇಳಿಸುವುದು. ವಿಜಯನಗರದಲ್ಲಿ ಸೀರೆ ಫಾಲ್, ಲೈನಿಂಗ್ ಬಟ್ಟೆಯ ಅಂಗಡಿಯನ್ನು ಒಬ್ಬಳೇ ಕಟ್ಟಿದ್ದು ಈ ಚಾಳಿಯಿಂದಲೇ. ಹಾಗಾಗಿ ಬುದ್ಧಿಹಲ್ಲು ಕಿತ್ತ ಡಾಕ್ಟರು, "ಇಪ್ಪತ್ತನಾಲ್ಕು ಗಂಟೆ ಬಾಯಿ ಮುಕ್ಕಳಿಸ್ಬೇಡಿ, ಉಗೀಬೇಡಿ ಆಂಟಿ" ಅಂದಾಗ, ಹತ್ತಿ ಕಚ್ಚಿಕೊಂಡೇ, "ಹನ್ನೆರಡು ಮಾಡ್ಕೊಳ್ಳಿ" ಅಂದೆ. ಆಕೆ ನಕ್ಕರು. ಎದುರಿನವರು ನಕ್ಕರೆ ವ್ಯಾಪಾರ ಕುದುರಿದಂತೆಯೇ ಅಲ್ಲವೇ? ಸಂಜೆಗೇ ಉಪ್ಪುನೀರಿನಲ್ಲಿ ಗಳಗಳ ಮುಕ್ಕಳಿಸಿ ಉಗಿದೆ.

ಮೂರನೆಯ ದಿನ ನೋವು ಕಿವಿಗೇರಿತು. ಗಾಯವನ್ನು ಮುಚ್ಚಬೇಕಿದ್ದ ರಕ್ತದ ಹೆಪ್ಪು ಕಿತ್ತುಹೋಗಿ, ಒಳಗಿನ ಮೂಳೆ ಬಯಲಾಗಿತ್ತಂತೆ. ಹಲ್ಲಿನ ಗುಳಿಯೊಳಗೆ ಲವಂಗದ ವಾಸನೆಯ ಔಷಧಿ ತುಂಬಿದ ಡಾಕ್ಟರು, "ಇದಕ್ಕೆ ಡಿಸ್ಕೌಂಟ್ ಇಲ್ಲ ಆಂಟಿ. ಮಾತು ಕಮ್ಮಿ ಮಾಡಿ" ಅಂದರು. ನಮ್ಮ ಮೈ 'ಒಂದೇ ದರ' ಎಂದು ಬೋರ್ಡು ಹಾಕಿಕೊಂಡ ಅಂಗಡಿ. ನಾನು ಬೋರ್ಡು ಓದಿರಲಿಲ್ಲ.

ಬಾಯಿ ಮುಚ್ಚಿದ ಮೇಲೆ ತಿಳಿಯಿತು, ನನ್ನ ಫೋನಿನಲ್ಲಿರುವುದೆಲ್ಲ ನಾನು ಮಾಡಿದ ಕರೆಗಳೇ. ತಂಗಿಯ ಮಂಡಿನೋವಿಗೆ ಎಣ್ಣೆ, ಭಾವಮೈದುನನಿಗೆ ಸೈಟಿನ ಸಲಹೆ, ಎಲ್ಲ ನನ್ನಿಂದಲೇ. ಎರಡು ದಿನ ಒಬ್ಬರೂ ಮಾಡಲಿಲ್ಲ. ತಪ್ಪು ಅವರದಲ್ಲ, ಹೇಗೂ ನಾನೇ ಮಾಡುತ್ತೇನಲ್ಲ. ಅತ್ತಿಗುಪ್ಪೆಯ ಮನೆಯಲ್ಲಿ ಹಾಲಿಗೆ ಬ್ರೆಡ್ಡು ಅದ್ದಿಕೊಂಡು ಕೂತಿದ್ದೆ.

ಐದನೆಯ ದಿನ ಸೊಪ್ಪಿಗೆ ಹೋದೆ. ಮಾರುವವಳು ಕೊಪ್ಪಳದ ಕಡೆಯ ರೇಣವ್ವ, ನನ್ನ ಜೊತೆ ದಿನವೂ ಜಗಳವಾಡುವವಳು. ಅವಳು ಹೇಳಿದಷ್ಟೇ ಕೊಟ್ಟು ಕಟ್ಟು ಎತ್ತಿಕೊಂಡೆ. ಅವಳಿಗೆ ಗಾಬರಿ.

"ಯಾಕ್ರೀ ಅಕ್ಕಾರ, ಇವತ್ತ ಚೌಕಾಸಿ ಇಲ್ಲೇನ್ರೀ? ನನ್ ಮ್ಯಾಲೆ ಸಿಟ್ಟೇನ?"

ಊದಿದ ಕೆನ್ನೆ ತೋರಿಸಿದೆ.

"ಹಲ್ಲ ಕೀಳ್ಸೀರೇನ! ಮನ್ಯಾಗ ಯಾರದಾರ್ರೀ ನೋಡ್ಕೊಳ್ಳಾಕ?"

ಬೆರಳಿನಿಂದ ನನ್ನನ್ನೇ ತೋರಿಸಿಕೊಂಡೆ. ಯಾಕೋ ಅದು ಹಲ್ಲಿಗಿಂತ ಹೆಚ್ಚು ನೋಯಿತು.

ಮರುದಿನ ಸೊಪ್ಪಿನ ರಾಶಿಯ ಹಿಂದಿನಿಂದ ಸ್ಟೀಲ್ ಡಬ್ಬಿಯೊಂದು ಬಂತು. ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. "ಬಿಸಿ ಮಾಡಬ್ಯಾಡ್ರಿ, ಹಂಗ ಕುಡೀರಿ" ಅಂದಳು. ಊರಿಗೆಲ್ಲ ಸಲಹೆ ಕೊಡುವ ನಾನು ಆ ಸಲಹೆಯನ್ನು ಅರ್ಧಕ್ಕಿಳಿಸದೆ ಪಾಲಿಸಿದೆ.

ಕೆಲವು ವಾರಗಳಲ್ಲಿ ಗಾಯ ಮಾಯಿತು. ಡಬ್ಬಿಯನ್ನು ಖಾಲಿ ಹಿಂತಿರುಗಿಸುವುದುಂಟೇ? ರವೆ ಉಂಡೆ ತುಂಬಿ ಒಯ್ದೆ.

"ಅಯ್ಯ, ಇಷ್ಟ್ಯಾಕ್ರೀ! ಅರ್ಧ ತಕ್ಕೊಂಡ್ ಹೋಗ್ರಿ."

"ಒಂದು ಉಂಡೇನೂ ಕಮ್ಮಿ ಮಾಡಲ್ಲ ಕಣೇ" ಅಂದೆ.

ಒಂಟಿಯಾಗಿರುವವರಿಗೆ ನನ್ನದೊಂದು ಸಲಹೆ, ಬಿಟ್ಟಿ: ಡಾಕ್ಟರ ಮಾತು ಪೂರ್ತಿ ಕೇಳಿ; ದಿನವೂ ಜಗಳವಾಡಲು ಒಬ್ಬರನ್ನು ಉಳಿಸಿಕೊಳ್ಳಿ. ಆಮೇಲೆ ನಾನು ಮೆಂತ್ಯದ ಕಟ್ಟೆತ್ತಿ ಅರ್ಧ ಬೆಲೆಗೆ ಕೇಳಿದೆ. ರೇಣವ್ವ ಉಂಡೆಯ ಡಬ್ಬಿಯನ್ನು ಪಕ್ಕಕ್ಕಿಟ್ಟು, ಸೆರಗು ಸಿಕ್ಕಿಸಿಕೊಂಡಳು.