ತಾರಸಿ ಕೋಣೆಯ ಎಡೆ

ಜೋಗುಪಾಳ್ಯದ ಮಂಜುಳಮ್ಮನಿಗೆ ಕೋಪ ಮೂಗಿನ ತುದಿಯಲ್ಲಿದೆ ಎಂದರೆ ಅದು ಅವಳಿಗೆ ಮಾಡಿದ ಅವಮಾನ. ಮೂಗಿನ ತುದಿಯಿಂದ ಬಾಯಿಗೆ ಇಳಿಯಲು ಒಂದಿಷ್ಟು ಹೊತ್ತು ಬೇಕಲ್ಲ, ಅಷ್ಟೂ ಕಾಯುವ ಕೋಪವಲ್ಲ ಅವಳದು. ಮನೆಯ ಮುಂದಿನ ಕೋಣೆಯಲ್ಲೇ ಚಿಲ್ಲರೆ ಅಂಗಡಿ. ಬೇಳೆಯ ಬೆಲೆ ಕೇಳಿದವರಿಗೆ ಬೆಲೆಯ ಜೊತೆಗೆ ಒಂದು ಬೈಗುಳವೂ ಸಿಗುತ್ತಿತ್ತು. ಆದರೂ ಗಿರಾಕಿಗಳು ತಪ್ಪಲಿಲ್ಲ, ಏಕೆಂದರೆ ತೂಕದಲ್ಲಿ ಮೋಸವಿಲ್ಲ. ಗಂಡ ವೆಂಕಟಸ್ವಾಮಿ ಹಲಸೂರಿನ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದವನು, ಹೆಣ್ಣುಮಕ್ಕಳಿಬ್ಬರೂ ಸ್ಕೂಲಿನಲ್ಲಿರುವಾಗಲೇ ತೀರಿಕೊಂಡ. ಮೈದುನರು ಪಾಲು ಕೇಳಿಕೊಂಡು ಬಂದಾಗ ಮನೆ ಉಳಿಸಿದ್ದು ಆ ಬಾಯಿ. ಮೇಲೊಂದು ತಾರಸಿ ಕೋಣೆ ಕಟ್ಟಿಸಿದ್ದು, ಮಕ್ಕಳನ್ನು ಡಿಗ್ರಿ ಓದಿಸಿದ್ದು ಕೂಡ ಅದೇ ಬಾಯಿ ಎಂದು ಬೀದಿಯವರು ಒಪ್ಪುತ್ತಾರೆ.

ಆ ಬಾಯಿಯೇ ದೊಡ್ಡ ಮಗಳನ್ನು ಕಳೆದದ್ದೂ ಹೌದು. ಧನುಶ್ರೀ ಮೂರು ವರ್ಷದ ಹಿಂದೆ ಶಿವಾಜಿನಗರದ ಬಟ್ಟೆ ವ್ಯಾಪಾರಿ ಸೈಫ್‌ನನ್ನು ರಿಜಿಸ್ಟರ್ ಮದುವೆಯಾಗಿ, ಹೇಳಿ ಹೋಗೋಣವೆಂದು ಮನೆಗೆ ಬಂದಿದ್ದಳು. ಮಂಜುಳಮ್ಮ ಹೊಸಿಲಲ್ಲೇ ನಿಂತು, ಅಂಗಡಿಯಿಂದ ಒಂದು ಹಿಡಿ ಎಳ್ಳು ತೆಗೆದು ಚೊಂಬಿನ ನೀರಿಗೆ ಹಾಕಿ, ಮಗಳ ಕಣ್ಣೆದುರೇ ಬೀದಿಗೆ ಚೆಲ್ಲಿದಳು. ಸಿಟ್ಟು ಬಂದಾಗ ಎಳ್ಳುನೀರು ಬಿಟ್ಟೆ ಎಂದು ಎಲ್ಲರೂ ಬಾಯಿಮಾತಿಗೆ ಹೇಳುತ್ತಾರೆ, ಇವಳು ಬಿಟ್ಟೇಬಿಟ್ಟಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅತ್ತೆಗೆ, ಮಾವನಿಗೆ, ಗಂಡನಿಗೆ ಎಲೆ ಹಾಕಿದ ಮೇಲೆ ಕೊನೆಯಲ್ಲಿ ಇನ್ನೊಂದು ಎಲೆ ಹಾಸುತ್ತಿದ್ದಳು. ಅದರ ತುಂಬ ಧನುಶ್ರೀಗೆ ಇಷ್ಟವಾದ ತಿಂಡಿಗಳು. ಬದುಕಿರುವ ಮಗಳಿಗೆ ಎಡೆ! ಚಿಕ್ಕವಳು ತೇಜಶ್ರೀ ಮೊದಲ ವರ್ಷ ಅತ್ತಳು, ಮರುವರ್ಷ ಜಗಳವಾಡಿದಳು, ಆಮೇಲೆ ಎಡೆ ಇಡುವ ಹೊತ್ತಿಗೆ ಎದ್ದು ಹೊರಗೆ ಹೋಗುವುದನ್ನು ಕಲಿತಳು. ತಾಯಿಯಾದವಳು ಮಾಡುವ ಕೆಲಸವಲ್ಲ ಅದು. ಮಂಜುಳಮ್ಮನಿಗೂ ಅದು ಗೊತ್ತಿತ್ತು, ಆದರೆ ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ತಾರಸಿ ಕೋಣೆಯನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಏರ್ಪಾಡು ಧನುಶ್ರೀ ಮದುವೆಗೆ ಮುಂಚೆ ಫೋನಿನಲ್ಲಿ ಮಾಡಿಟ್ಟಿದ್ದು. ಈಗ ಅದನ್ನೆಲ್ಲ ತೇಜಶ್ರೀ ನೋಡಿಕೊಳ್ಳುತ್ತಿದ್ದಾಳೆ ಎಂದು ಮಂಜುಳಮ್ಮ ನಂಬಿದ್ದಳು. ಆ ಡಿಸೆಂಬರಿನಲ್ಲಿ ಬಂದವಳು ಮಾರ್ತಾ, ಪೋಲೆಂಡ್ ದೇಶದ ಹೆಂಗಸು, ಒಬ್ಬಳೇ ಊರೂರು ತಿರುಗುತ್ತಿದ್ದವಳು. ಮಂಜುಳಮ್ಮ ಅವಳನ್ನು ದೊರೆಸಾನಿ ಎಂದೇ ಕರೆಯುತ್ತಿದ್ದಳು, ಮರ್ಯಾದೆಗಲ್ಲ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ದೊರೆಸಾನಿ ಬೂಟು ಹಾಕಿಕೊಂಡು ಒಳಗೆ ನಡೆಯುತ್ತಾಳೆ ಎಂದು ಇವಳ ದೂರು, ಬಾಗಿಲು ತಟ್ಟದೆ ಕೋಣೆಗೆ ನುಗ್ಗುತ್ತಾಳೆ ಎಂದು ಅವಳ ದೂರು. ಒಬ್ಬಳಿಗೆ ಇಂಗ್ಲಿಷ್ ಬಾರದು, ಇನ್ನೊಬ್ಬಳಿಗೆ ಕನ್ನಡ ಬಾರದು, ಆದರೂ ಜಗಳಕ್ಕೆ ಒಂದು ದಿನವೂ ಅಡ್ಡಿಯಾಗಲಿಲ್ಲ.

ಕ್ರಿಸ್‌ಮಸ್ ಹಿಂದಿನ ದಿನ ಮಾರ್ತಾ ಬೆಳಗ್ಗೆಯಿಂದ ಏನೂ ತಿನ್ನಲಿಲ್ಲ. ಇವತ್ತು ಮಾಂಸ ಮುಟ್ಟುವಂತಿಲ್ಲ ಎಂದು ರಸೆಲ್ ಮಾರ್ಕೆಟ್ಟಿಗೆ ಹೋಗಿ ಮೀನು, ಬೀಟ್‌ರೂಟು ಮಾತ್ರ ತಂದಳು. ಮಧ್ಯಾಹ್ನ ಅಂಗಡಿಗೆ ಇಳಿದು ಬಂದು ಒಂದು ಬಿಳೀ ಬಟ್ಟೆ ಮತ್ತು ಎರಡು ತಟ್ಟೆ ಬೇಕೆಂದಳು. ರಜೆ ಹಾಕಿ ಮನೆಯಲ್ಲಿದ್ದ ತೇಜಶ್ರೀ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಳು.

"ಎರಡ್ಯಾಕೆ? ಯಾರಾದ್ರೂ ಬರ್ತಾರಂತಾ?" ಎಂದು ಮಂಜುಳಮ್ಮ ಕೇಳಿದಳು.

"ಗೊತ್ತಿಲ್ವಂತೆ ಅಮ್ಮ. ಬಂದ್ರೂ ಬರ್ಬೋದು, ಇಲ್ದಿದ್ರೂ ಇಲ್ಲ."

ಬರುವುದು ಗೊತ್ತಿಲ್ಲದವರಿಗೆ ತಟ್ಟೆ ಎಂಥದು ಎಂದು ಮಂಜುಳಮ್ಮ ಗೊಣಗುತ್ತಿರುವಾಗಲೇ ಪಕ್ಕದ ಗಲ್ಲಿಯಲ್ಲಿ ಹಸು ಸಾಕಿಕೊಂಡು ಹಾಲು ಮಾರುವ ಜಟ್ಟೆಮ್ಮ ಬಂದಳು.

"ನಿಮ್ ದೊರೆಸಾನಿ ನನ್ ಕೊಟ್ಟಿಗೇಗೆ ಬಂದಿದ್ಲು ಕಣಕ್ಕ. ಒಂದ್ ಹಿಡಿ ಒಣಹುಲ್ಲು ಇಸ್ಕೊಂಡ್ ಹೋದ್ಲು."

"ಹುಲ್ಲಾ? ಏನಕ್ಕೆ?"

"ಬಟ್ಟೆ ಕೆಳಗೆ ಹಾಸಿ, ಮೇಲೆ ತಟ್ಟೆ ಇಡ್ತೀನಿ ಅಂತ ಕೈಯಲ್ಲೇ ತೋರ್ಸಿದ್ಲು."

ಮಂಜುಳಮ್ಮನ ತಲೆಯೊಳಗೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ದಿನವಿಡೀ ಉಪವಾಸ. ಮಾಂಸ ಮುಟ್ಟುವುದಿಲ್ಲ. ಬಿಳೀ ಬಟ್ಟೆ, ದರ್ಭೆಯ ಜಾಗದಲ್ಲಿ ಹುಲ್ಲು, ಎದುರಿಗೆ ಯಾರೂ ಕೂರದ ಒಂದು ತಟ್ಟೆ. ಇದು ತಿಥಿಯಲ್ಲದೆ ಮತ್ತೇನು? ಕ್ರಿಸ್‌ಮಸ್ ಎಂದರೇನೆಂದು ಕಂಟೋನ್ಮೆಂಟಿನ ಪಕ್ಕದಲ್ಲೇ ಹುಟ್ಟಿ ಬೆಳೆದವಳಿಗೆ ಗೊತ್ತಿಲ್ಲವೇ! ಕೇಕು, ಬಣ್ಣದ ನಕ್ಷತ್ರ, ಇಂದಿರಾನಗರದ ಅಂಗಡಿಗಳಲ್ಲಿ ಹುಡುಗರ ತಲೆಗೆ ಕೆಂಪು ಟೋಪಿ. ಹುಲ್ಲು ಹಾಸುವ ಹಬ್ಬವನ್ನು ಅವಳು ಕಂಡಿರಲಿಲ್ಲ.

"ಹಬ್ಬ ಅಂತ ಸುಳ್ ಹೇಳಿ ನನ್ ಮನೇಲಿ ತಿಥಿ ಮಾಡ್ತಿದಾಳೆ," ಎಂದಳು. "ಅವ್ಳ ಕಡೆ ಸತ್ತೋರು ಬಂದು ನನ್ ತಾರಸೀಲಿ ಕೂತ್ಕೊಂಡ್ರೆ ಬಿಡ್ಸೋರ್ಯಾರು?"

"ಅಮ್ಮ, ಅದು ಅವ್ರ ಹಬ್ಬ. ದೂರದೇಶದಲ್ಲಿ ಒಬ್ರೇ ಇದಾರೆ, ಇವತ್ತೊಂದಿನ ಸುಮ್ನಿರು."

"ಈ ಮನೇಲಿ ಎಡೆ ಇಡೋಳು ನಾನೊಬ್ಳೇ," ಎಂದು ಮಂಜುಳಮ್ಮ ಸೆರಗು ಸಿಕ್ಕಿಸಿ ಮೆಟ್ಟಿಲು ಹತ್ತಿದಳು. ತೇಜಶ್ರೀ ಹಿಂದೆಯೇ ಓಡಿದಳು.

ಸಂಜೆ ಕವಿಯುತ್ತಿತ್ತು. ಮಾರ್ತಾ ತಾರಸಿಯ ಮೂಲೆಯಲ್ಲಿ ನಿಂತು ಆಕಾಶ ನೋಡುತ್ತಿದ್ದಳು. ಮೊದಲ ನಕ್ಷತ್ರ ಕಾಣುವವರೆಗೆ ಊಟಕ್ಕೆ ಕೂರುವಂತಿಲ್ಲ, ಈ ಊರಿನಲ್ಲಿ ನಕ್ಷತ್ರವೇ ಕಾಣುವುದಿಲ್ಲ ಎಂದು ತೇಜಶ್ರೀಗೆ ಹೇಳಿ, ಮಂಜುಳಮ್ಮನ ಮುಖ ನೋಡಿದ ಕೂಡಲೇ ಹೋಗಿ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಮಂಜುಳಮ್ಮ ಏನೇನು ಅಂದಳೋ ಅದರಲ್ಲಿ ಕಾಲು ಭಾಗವನ್ನು ಮಾತ್ರ ತೇಜಶ್ರೀ ಇಂಗ್ಲಿಷಿಗೆ ತಂದಳು. ಅಷ್ಟಕ್ಕೇ ಮಾರ್ತಾಳ ಮುಖ ಕೆಂಪಾಯಿತು.

"ಏನಂತೆ?" ಎಂದಳು ಮಂಜುಳಮ್ಮ.

"ಬಾಡಿಗೆ ಕೊಟ್ಟಿದೀನಿ, ಇದೊಂದ್ ಸಂಜೆ ನನ್ ಪಾಡಿಗೆ ಬಿಡಿ ಅಂತಿದಾರೆ. ಇವತ್ತು ಕರೀದೇ ಬಂದು ಬಾಗಿಲು ತಟ್ಟೋರು ಯಾರೇ ಆಗ್ಲಿ, ಕೂರಿಸಿ ಊಟ ಹಾಕ್ತಾರಂತೆ. ಆ ತಟ್ಟೆ ಅದಕ್ಕೆ. ಹುಲ್ಲು ಏಸು ಹುಟ್ಟಿದ ಕೊಟ್ಟಿಗೆ ನೆನಪಿಗೆ."

"ಸತ್ತೋರಿಗೂ ಹೌದಾ ಕೇಳು."

"ಅಮ್ಮ..."

"ಕೇಳು ಅಂದ್ನಲ್ಲ."

ತೇಜಶ್ರೀ ಕೇಳಿದಳು. ಮಾರ್ತಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಹೌದು, ಅವರನ್ನೂ ನೆನೆಯುತ್ತೇವೆ, ಈ ವರ್ಷ ನನ್ನ ತಾಯಿ ಹೋದಳು ಎಂದಳು. ಮಂಜುಳಮ್ಮನಿಗೆ ಗೆದ್ದ ಹಾಗಾಯಿತು. ನಾನು ಹೇಳಲಿಲ್ಲವೇ ಎಂದು ಮಗಳ ಕಡೆ ತಿರುಗುವಷ್ಟರಲ್ಲಿ ಮಾರ್ತಾ ಒಳಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಂಡಳು.

ತನ್ನ ಮನೆಯ ಬಾಗಿಲನ್ನು ತನ್ನ ಮುಖಕ್ಕೇ ಹಾಕಿದರೆ ಯಾರು ಸಹಿಸುತ್ತಾರೆ? ಮಂಜುಳಮ್ಮ ಕೆಳಗಿಳಿದು ಬಕೆಟ್ಟಿಗೆ ನೀರು ತುಂಬಿ ಅರಿಶಿನ ಕಲಸತೊಡಗಿದಳು. ಆ ಎಡೆಯ ಮೇಲೇ ಸುರಿದು ಕೋಣೆ ಶುದ್ಧ ಮಾಡಬೇಕು, ನಾಳೆ ಬೆಳಗ್ಗೆ ದೊರೆಸಾನಿಯನ್ನು ಗಂಟುಮೂಟೆ ಸಮೇತ ಹೊರಡಿಸಬೇಕು. ಹೊರಗಿನ ಮೆಟ್ಟಿಲ ಮೇಲೆ ಯಾರೋ ಹತ್ತಿ ಹೋದ ಸದ್ದು ಕೇಳಿಸಿತು. ಸತ್ತವರು ಬಂದೇಬಿಟ್ಟರೇ? ಹೆದರಿಕೆ ಆದಾಗಲೂ ಸಿಟ್ಟನ್ನೇ ಮಾಡಿಕೊಳ್ಳುವ ಹೆಂಗಸು. ಬಕೆಟ್ ಎತ್ತಿಕೊಂಡು ಮೇಲೆ ಬಂದು, ಎಂದಿನಂತೆ ತಟ್ಟದೆಯೇ ಬಾಗಿಲು ನೂಕಿದಳು.

ಬಿಳೀ ಬಟ್ಟೆ ಹಾಸಿದ ಮೇಜಿನ ಒಂದು ಕಡೆ ಮಾರ್ತಾ ಕೂತಿದ್ದಳು. ಇನ್ನೊಂದು ತಟ್ಟೆಯ ಮುಂದೆ ಧನುಶ್ರೀ ಕೂತು ಮೀನು ತಿನ್ನುತ್ತಿದ್ದಳು.

ಮಂಜುಳಮ್ಮ ಬಕೆಟ್ ಕೆಳಗಿಟ್ಟಳು. ಶಿವಾಜಿನಗರ ಏನು ಕಾಶಿಯೇ? ಒಂದು ಬಸ್ಸಿನ ದಾರಿ. ಆದರೂ ಮೂರು ವರ್ಷದಿಂದ ಈ ಮುಖ ನೋಡಿರಲಿಲ್ಲ. ಕೆನ್ನೆ ತುಂಬಿಕೊಂಡಿತ್ತು, ಕಣ್ಣಿನ ಕೆಳಗೆ ಕಪ್ಪಾಗಿತ್ತು. ಸತ್ತವಳ ಜೊತೆ ಮಾತಾಡುವುದಿಲ್ಲ ಎಂಬ ಶಪಥ ನೆನಪಾಗಿ, ಬಾಗಿಲ ಬಳಿ ನಿಂತಿದ್ದ ತೇಜಶ್ರೀಯನ್ನು ಕೇಳಿದಳು:

"ಇವ್ಳನ್ನ ಕರೆಸಿದ್ದು ಯಾರು?"

"ಯಾರೂ ಕರೀಲಿಲ್ಲ," ಎಂದಳು ಧನುಶ್ರೀ. "ಈ ಕೋಣೆ ಬುಕಿಂಗ್ ಎಲ್ಲಾ ಇವತ್ತಿಗೂ ನನ್ ಫೋನಿಗೇ ಬರೋದು. ತೇಜು ನಿನಗೆ ಹೇಳಿಲ್ಲ ಅಷ್ಟೆ. ಕರೀದೇ ಬರೋರಿಗೆ ಒಂದ್ ತಟ್ಟೆ ಇಡ್ತೀನಿ ಅಂತ ಮಾರ್ತಾ ಮೆಸೇಜ್ ಮಾಡಿದ್ರು. ಸತ್ತೋಳು ಬಂದ್ರೂ ನಡಿಯುತ್ತಾ ಅಂತ ಕೇಳ್ದೆ. ನಡಿಯುತ್ತೆ ಅಂದ್ರು. ಬಂದೆ."

ಮಂಜುಳಮ್ಮ ಗೋಡೆ ನೋಡಿದಳು.

"ವರ್ಷಾ ವರ್ಷಾ ಅಮಾವಾಸ್ಯೆಗೆ ಎಡೆ ಇಡ್ತೀಯಂತಲ್ಲ, ಅದಂತೂ ನನ್ ಬಾಯಿಗೆ ಬರ್ಲಿಲ್ಲ. ಜಗಳ ಆಡೋಕೆ ಬಂದಿಲ್ಲಮ್ಮ. ಒಂದೇ ಒಂದ್ ಮಾತು ಹೇಳು, ಎದ್ದು ಹೋಗ್ತೀನಿ. ನಾನು ಸತ್ತಿದೀನಾ, ಬದುಕಿದೀನಾ? ನಂಗೀಗ ಆರು ತಿಂಗಳು. ಹುಟ್ಟೋ ಮಗೂಗೆ ಅಮ್ಮನ ಕಡೆ ಅಜ್ಜಿ ಇದಾಳೆ ಅನ್ಲಾ, ಇಲ್ಲ ಅನ್ಲಾ?"

ಮಂಜುಳಮ್ಮನ ಕಣ್ಣು ಮಗಳ ಹೊಟ್ಟೆಯ ಕಡೆ ಹೋಯಿತು, ಅದನ್ನು ಕಿತ್ತು ಬೇರೆ ಕಡೆ ಇಟ್ಟಳು. ಈಗ ಸೋತರೆ ಮೂರು ವರ್ಷ ತಾನು ಮಾಡಿದ್ದೆಲ್ಲ ತಪ್ಪು ಎಂದು ಒಪ್ಪಬೇಕಾಗುತ್ತದೆ. ಅದಕ್ಕೆ ಅವಳು ತಯಾರಿರಲಿಲ್ಲ.

"ತೇಜು," ಎಂದಳು, "ಇವ್ಳು ಉಂಡು ಹೋದ್ಮೇಲೆ ಆ ತಟ್ಟೆ ಬೀದಿಗೆ ಬಿಸಾಕು."

ಹೇಳಿ ಬಕೆಟ್ ಎತ್ತಿಕೊಂಡು ಹೊರಟಳು. ಧನುಶ್ರೀ ಅಳು ನುಂಗಲೆಂದೋ ಹಟಕ್ಕೋ ದೊಡ್ಡದೊಂದು ತುಂಡು ಮೀನು ಬಾಯಿಗೆ ಹಾಕಿಕೊಂಡಳು. ಮಂಜುಳಮ್ಮ ನಾಲ್ಕು ಮೆಟ್ಟಿಲು ಇಳಿದಿರಲಿಲ್ಲ, ಮೇಲಿನಿಂದ ಕೆಮ್ಮು ಕೇಳಿಸಿತು, ಆಮೇಲೆ ಓಕರಿಕೆ, ಆಮೇಲೆ ತೇಜಶ್ರೀಯ ದನಿ: "ಅಮ್ಮ, ಅಕ್ಕನ ಗಂಟಲಿಗೆ ಮುಳ್ಳು!"

ಬಕೆಟ್ ಮೆಟ್ಟಿಲ ಮೇಲೆ ಉರುಳಿತು. ಅರಿಶಿನದ ನೀರಲ್ಲಿ ಜಾರುತ್ತ ಮಂಜುಳಮ್ಮ ಅಡುಗೆಮನೆಗೆ ಓಡಿ, ಅನ್ನದ ಪಾತ್ರೆಯನ್ನೇ ಎತ್ತಿಕೊಂಡು ಮತ್ತೆ ಮೇಲೆ ಓಡಿದಳು. ಮಾರ್ತಾ ನೀರಿನ ಲೋಟ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಳು. ಅವಳನ್ನು ಪಕ್ಕಕ್ಕೆ ತಳ್ಳಿ, ಮಗಳ ಗಲ್ಲ ಹಿಡಿದು ಮುಖ ಮೇಲೆತ್ತಿ, ಒಣ ಅನ್ನವನ್ನು ಉಂಡೆ ಕಟ್ಟಿ ಬಾಯಿಗೆ ತುರುಕಿದಳು.

"ಅಗೀಬೇಡ. ಹಂಗೇ ನುಂಗು. ನುಂಗೇ, ಸತ್ತೋಗ್ತೀಯಾ!"

ಮೊದಲ ಉಂಡೆಗೆ ಮುಳ್ಳು ಅಲುಗಲಿಲ್ಲ. ಮಂಜುಳಮ್ಮನ ಬಾಯಲ್ಲಿ ಮನೆದೇವರ ಹೆಸರು ಓಡುತ್ತಿತ್ತು. ಮತ್ತೊಂದು ಕೊಟ್ಟಳು, ಇನ್ನೊಂದು ಕೊಟ್ಟಳು. ಕೊನೆಗೆ ಧನುಶ್ರೀ ಗಂಟಲು ಹಿಡಿದುಕೊಂಡು ಉದ್ದಕ್ಕೆ ಉಸಿರೆಳೆದಳು. ಮುಳ್ಳು ಇಳಿದಿತ್ತು. ಕಣ್ಣಲ್ಲಿ, ಮೂಗಿನಲ್ಲಿ ನೀರು ಸುರಿಯುತ್ತಿದ್ದರೂ ತಾಯಿಯ ಮುಖವನ್ನೇ ನೋಡಿದಳು.

"ಸತ್ತೋಳು ಇನ್ನೊಂದ್ಸಲ ಸಾಯ್ತಾಳಾ, ಅಮ್ಮ?"

ಮಂಜುಳಮ್ಮ ಕೈಯಲ್ಲಿದ್ದ ಅನ್ನವನ್ನು ಪಾತ್ರೆಗೆ ಕೊಡವಿದಳು. ಆಮೇಲೆ ಅವಳು ಬೈಯತೊಡಗಿದಳು. ಬಸುರಿ ಹೆಂಗಸು ಮುಳ್ಳು ಮೀನು ತಿನ್ನುತ್ತಾಳೆಯೇ, ಆರು ತಿಂಗಳಾದರೂ ಒಂದು ಮಾತು ಹೇಳಿ ಕಳಿಸಬಾರದೇ, ಅತ್ತೆಯಾದವಳಿಗೆ ಕಣ್ಣಿಲ್ಲವೇ, ಮುಳ್ಳು ಬಿಡಿಸಿ ಕೊಡದ ಈ ದೊರೆಸಾನಿಗೆ ಬುದ್ಧಿಯಿಲ್ಲವೇ, ಹೆಂಡತಿಯನ್ನು ಕತ್ತಲಲ್ಲಿ ಒಬ್ಬಳೇ ಮೆಟ್ಟಿಲು ಹತ್ತಲು ಬಿಟ್ಟು ಆ ಗಂಡ ಎನ್ನುವವನು ಎಲ್ಲಿ ಹಾಳಾಗಿ ಹೋದ. ಮೂರು ವರ್ಷ ಕಟ್ಟಿಟ್ಟದ್ದೆಲ್ಲ ಒಂದೇ ಸಮನೆ ಬಂತು. ಬೈಯುತ್ತಲೇ ಸೆರಗಿನಿಂದ ಮಗಳ ಮೂಗು ಒರೆಸಿದಳು, ಒರಟಾಗಿ.

ಮಾರ್ತಾ ಹೆದರಿ ತೇಜಶ್ರೀಯ ತೋಳು ಹಿಡಿದಳು. ಇಷ್ಟು ಕೂಗುತ್ತಿದ್ದಾರಲ್ಲ, ಅವಳಿಗೆ ಏನು ಹೇಳುತ್ತಿದ್ದಾರೆ ಎಂದು ಕೇಳಿದಳು.

ತೇಜಶ್ರೀ ಸ್ವಲ್ಪ ಹೊತ್ತು ಕೇಳಿಸಿಕೊಂಡು, ನೀನು ಸತ್ತಿಲ್ಲ, ಬದುಕಿದ್ದೀಯ ಎಂದು ಹೇಳುತ್ತಿದ್ದಾರೆ ಎಂದಳು.